ಎರಡು ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರ್ ಕಂಪನಿ ಒಂದಾಗ್ತವಂತೆ: ಸೇರಿದರೆ ಸಿಗೋದೇನು?

ಗೇರ್‌ಪ್ರಿಯ:
ಬ್ರಿಟನ್ನಿನ ಎರಡು ಸಣ್ಣ ಸ್ಪೋರ್ಟ್ಸ್ ಕಾರ್ ಕಂಪನಿಗಳು ಒಂದಾಗುತ್ತವೆ ಅನ್ನೋ ಗಾಳಿಮಾತು ಮತ್ತೆ ಹಬ್ಬಿದೆ. ಯಾವ ಎರಡು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಜೋಡಿ ಹೇಳುತ್ತಾರೆ. ಆಧಾರ ಯಾರ ಹತ್ತಿರವೂ ಇಲ್ಲ. ಅದಕ್ಕೇ ನಾನು ಹೆಸರು ಹಾಕಿಲ್ಲ, ನೀವೂ ಹಾಕಬೇಡಿ.

ನನ್ನ ಪ್ರಶ್ನೆ ಬೇರೆ. ವರ್ಷಕ್ಕೆ ಕೆಲವು ನೂರು ಕಾರು ಮಾಡುವ ಇಬ್ಬರು ಸೇರಿದರೆ ನಿಜಕ್ಕೂ ಲಾಭ ಇದೆಯಾ? ಅಥವಾ ಇಬ್ಬರ ಸಾಲವೂ ಒಂದೇ ಪುಸ್ತಕಕ್ಕೆ ಬರುತ್ತದೆ ಅಷ್ಟೇನಾ? ಹಿಂದೆ ಇಂಥದ್ದು ನಡೆದಿದ್ದರೆ, ಏನಾಯ್ತು ಅಂತ ಗೊತ್ತಿದ್ದವರು ಬರೆಯಿರಿ.

ಹಳೇ ಫಿಯೆಟ್:
ನಡೆದಿದೆ. ಒಂದು ಸಲ ತುಂಬಾ ಚೆನ್ನಾಗೂ ನಡೆದಿದೆ.

1947. ಯುದ್ಧ ಮುಗಿದು ಎರಡು ವರ್ಷ. ಬ್ರಿಟನ್ನಿನಲ್ಲಿ ಉಕ್ಕಿಗೂ ಬರ. ಫೆಲ್ಟ್‌ಹ್ಯಾಮ್‌ನಲ್ಲಿದ್ದ ಆಸ್ಟನ್ ಮಾರ್ಟಿನ್ ಕೈಯಲ್ಲಿ ಕಾಸಿಲ್ಲ. ಹಡರ್ಸ್‌ಫೀಲ್ಡ್ ಕಡೆಯ ಡೇವಿಡ್ ಬ್ರೌನ್ ಅನ್ನೋ ಉದ್ಯಮಿ, ಗೇರು ಮತ್ತು ಟ್ರ್ಯಾಕ್ಟರ್ ಮಾಡುವವರು, ಪೇಪರಿನಲ್ಲಿ ಮಾರಾಟದ ಜಾಹೀರಾತು ನೋಡಿ ಹೋದರು. ಕಾರು ಓಡಿಸಿದರು. ಚಾಸಿ, ಅಂದರೆ ಕಾರಿನ ಅಡಿಚೌಕಟ್ಟು, ಇಷ್ಟವಾಯಿತು, ಎಂಜಿನ್ ಸಪ್ಪೆ ಅನ್ನಿಸಿತು. ಆದರೂ 20,500 ಪೌಂಡಿಗೆ ಕೊಂಡರು.

ಅದೇ ವರ್ಷ ಸ್ಟೇನ್ಸ್ ಊರಿನ ಲಗೊಂಡಾ ಕೂಡ ಮಾರಾಟಕ್ಕೆ ಬಂತು. ಅಲ್ಲಿ ಡಬ್ಲ್ಯೂ. ಓ. ಬೆಂಟ್ಲಿ ಅವರ ಉಸ್ತುವಾರಿಯಲ್ಲಿ ತಯಾರಾದ 2.6 ಲೀಟರಿನ ಆರು ಸಿಲಿಂಡರ್ ಎಂಜಿನ್ ಇತ್ತು, ಎರಡು ಕ್ಯಾಮ್‌ಶಾಫ್ಟ್‌ನದು. ಬ್ರೌನ್ ಅವರ ಕಣ್ಣು ಇದ್ದದ್ದು ಅದರ ಮೇಲೆ. 52,500 ಪೌಂಡ್ ಕೊಟ್ಟರು. ಅಂದರೆ ಕಾರಿಗೆ ಕೊಟ್ಟದ್ದರ ಎರಡೂವರೆ ಪಟ್ಟು ಎಂಜಿನ್‌ಗೆ ಕೊಟ್ಟ ಹಾಗೆ. ಆಸ್ಟನ್ನಿನ ಚಾಸಿ, ಲಗೊಂಡಾದ ಎಂಜಿನ್, ಲಗೊಂಡಾದಿಂದಲೇ ಬಂದ ಫ್ರಾಂಕ್ ಫೀಲಿ ಬರೆದ ಬಾಡಿ. ಮೂರೂ ಸೇರಿ 1950ರಲ್ಲಿ ಡಿಬಿ2 ಆಯಿತು. ಡಿಬಿ ಅಂದರೆ ಬ್ರೌನ್ ಅವರದೇ ಇನಿಶಿಯಲ್.

ಗಮನಿಸಿ, ಎರಡು ಕಂಪನಿ ತಾವಾಗಿ ಕೈ ಕುಲುಕಲಿಲ್ಲ. ದುಡ್ಡಿದ್ದ ಮೂರನೆಯವರು ಇಬ್ಬರನ್ನೂ ಕೊಂಡರು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇತ್ತು ಅನ್ನೋದು ಅವರಿಗೆ ಕಂಡಿತ್ತು.

ಬೋಲ್ಟ್‌ನಟ್ ಹುಬ್ಬಳ್ಳಿ:
ಫಿಯೆಟ್ ಸರ್, ಛಲೋ ಬರೆದೀರಿ. ಆದರೆ ಲಗೊಂಡಾ ಎಲ್ಲಿ ಹೋಯ್ತು ನೋಡ್ರಿ. ಎಂಜಿನ್ ಕೊಟ್ಟ ಮನೆಯ ಹೆಸರು ಆಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಮಾಡೆಲ್ ಮೇಲೆ ಬಂತು ಅಷ್ಟೇ. ಇವತ್ತಿಗೂ ಕಂಪನಿಯ ಕಾಗದದ ಮೇಲೆ ಆಸ್ಟನ್ ಮಾರ್ಟಿನ್ ಲಗೊಂಡಾ ಅಂತಲೇ ಇದೆ. ರಸ್ತೆ ಮೇಲೆ ಲಗೊಂಡಾ ಕಂಡವರು ಎಷ್ಟು ಮಂದಿ? ಸೇರೋದು ಅಂದರೆ ಒಬ್ಬರು ಉಳಿಯೋದು, ಒಬ್ಬರು ಕರಗೋದು. ಗಾಳಿಸುದ್ದಿ ಹಬ್ಬಿಸುವವರು ಯಾರು ಕರಗುತ್ತಾರೆ ಅಂತ ಮಾತ್ರ ಹೇಳೋದಿಲ್ಲ.

ಕವೆಂಟ್ರಿ ಕನ್ನಡಿಗ:
ನಾನು ಇಲ್ಲೇ ಕವೆಂಟ್ರಿಯಲ್ಲಿ ಬಿಡಿಭಾಗ ಸಪ್ಲೈ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಡೆ ಹಳಬರು ಇಂಥ ಮಾತು ಬಂದಾಗ ಮೊದಲು ತೆಗೆಯೋದು ಎಂಜಿ ಮತ್ತು ಟ್ರಯಂಫ್ ಕಥೆ. ಯಾಕಂದರೆ ಟ್ರಯಂಫ್ ಇದೇ ಊರಿನದು, ಕ್ಯಾನ್ಲಿಯಲ್ಲಿ ಇತ್ತು.

1968ರಲ್ಲಿ ಹಲವು ಕಾರ್ ಕಂಪನಿ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆದಾಗ ಎರಡೂ ಒಂದೇ ಸೂರಿನಡಿ ಬಂದವು. ಅಲ್ಲಿವರೆಗೆ ಅಮೆರಿಕದ ಶೋರೂಮ್‌ಗಳಲ್ಲಿ ಒಂದಕ್ಕೊಂದು ಹಾವು ಮುಂಗುಸಿ. ಸೇರಿದ ಮೇಲೆ ಖರ್ಚು ಉಳಿಯಬೇಕಿತ್ತು ಅಲ್ವಾ? ಆದದ್ದು ಬೇರೆ. ಹೊಸ ಸ್ಪೋರ್ಟ್ಸ್ ಕಾರು ಒಂದೇ ಸಾಕು ಅಂದರು, ಅದು ಟ್ರಯಂಫ್ ಟಿಆರ್7 ಆಗಲಿ ಅಂದರು. ಎಂಜಿಗೆ 1962ರ ಎಂಜಿಬಿಯೇ ಗತಿ ಆಯಿತು. 1974ರಲ್ಲಿ ಅಮೆರಿಕದ ನಿಯಮಕ್ಕಾಗಿ ಅದರ ಮೂತಿಗೆ ಕಪ್ಪು ರಬ್ಬರ್ ಬಂಪರ್ ಅಂಟಿಸಿ, ಕಾರನ್ನು ಎತ್ತರ ಮಾಡಿದರು. ತಿರುವಿನಲ್ಲಿ ಮೊದಲಿನ ಹಿಡಿತ ಹೋಯಿತು. ಅತ್ತ ಟಿಆರ್7 ಮಾಡುತ್ತಿದ್ದ ಲಿವರ್‌ಪೂಲ್ ಹತ್ತಿರದ ಸ್ಪೀಕ್ ಕಾರ್ಖಾನೆಯಲ್ಲಿ ಮುಷ್ಕರದ ಮೇಲೆ ಮುಷ್ಕರ. 1978ರಲ್ಲಿ ಅದಕ್ಕೆ ಬೀಗ. ಕಾರು ಕ್ಯಾನ್ಲಿಗೆ ಬಂತು, ಅಲ್ಲಿಂದ ಸೋಲಿಹಲ್‌ಗೆ ಹೋಯಿತು, 1981ರಲ್ಲಿ ನಿಂತಿತು.

ಆಬಿಂಗ್‌ಡನ್ನಿನ ಎಂಜಿ ಕಾರ್ಖಾನೆ ಕಥೆ ಇನ್ನೂ ಬೇಜಾರಿನದು. ಊರಿಗೆ ಬಂದು 50 ವರ್ಷ ಆಯಿತು ಅಂತ 1979ರ ಸೆಪ್ಟೆಂಬರಿನಲ್ಲಿ ಊರೆಲ್ಲ ಹಬ್ಬ ಮಾಡಿದರು. ಅದರ ಬೆನ್ನಿಗೇ, ಸೆಪ್ಟೆಂಬರ್ 10ರ ಸೋಮವಾರ, ಮುಚ್ಚುವ ಸುದ್ದಿ ಬಂತು.

ಇಲ್ಲಿಂದ ಗೇರ್‌ಪ್ರಿಯ ಕೇಳಿದ ವಿಷಯಕ್ಕೇ ಬರುತ್ತೇನೆ. ಆಗ ಎಂಜಿಯನ್ನು ಕೊಳ್ಳೋಕೆ ಮುಂದೆ ಬಂದದ್ದು ಆಸ್ಟನ್ ಮಾರ್ಟಿನ್! ಅಧ್ಯಕ್ಷರಾಗಿದ್ದ ಅಲನ್ ಕರ್ಟಿಸ್ ಒಂದು ಗುಂಪು ಕಟ್ಟಿಕೊಂಡರು. ಡಿಸೈನರ್ ವಿಲಿಯಂ ಟೌನ್ಸ್ ಕೈಯಲ್ಲಿ ಎಂಜಿಬಿಗೆ ಹೊಸ ರೂಪ ಕೊಡಿಸಿ ತೋರಿಸಿದರು ಕೂಡ. ತಿಂಗಳುಗಟ್ಟಲೆ ಮಾತುಕತೆ ನಡೆಯಿತು. ದುಡ್ಡು ಮಾತ್ರ ಕೂಡಲಿಲ್ಲ. ಬ್ಯಾಂಕ್ ಬಡ್ಡಿ ಗಗನದಲ್ಲಿತ್ತು. ಪೌಂಡ್ ಬಲವಾಗಿದ್ದರಿಂದ ಅಮೆರಿಕಕ್ಕೆ ಹೋಗುವ ಎಂಜಿ ಕಾರು ನಷ್ಟಕ್ಕೇ ಹೋಗುತ್ತಿತ್ತು. 1980ರ ಬೇಸಿಗೆಯಲ್ಲಿ ಮಾತು ಮುರಿಯಿತು, ಅಕ್ಟೋಬರಿನಲ್ಲಿ ಆಬಿಂಗ್‌ಡನ್ನಿಗೆ ಬೀಗ ಬಿತ್ತು. ಆಸ್ಟನ್ ಆಗ ವಾರಕ್ಕೆ ಕೆಲವೇ ಕಾರು ಮಾಡುತ್ತಿದ್ದ ಕಂಪನಿ. ತನ್ನ ಸಂಬಳಕ್ಕೇ ತತ್ವಾರ. ಅಂಥವರು ಎಂಜಿಯನ್ನು ಹೊತ್ತುಕೊಂಡಿದ್ದರೆ ಎರಡೂ ಮುಳುಗುತ್ತಿದ್ದವು ಅನ್ನೋದು ನನ್ನ ಅಭಿಪ್ರಾಯ.

ಗೇರ್‌ಪ್ರಿಯ:
ಆಸ್ಟನ್-ಎಂಜಿ ಕಥೆ ಕೇಳಿಯೇ ಇರಲಿಲ್ಲ. ಅಂದರೆ ಗಾಳಿಸುದ್ದಿ ಅಲ್ಲ, ನಿಜವಾದ ಮಾತುಕತೆಯೂ ಹೀಗೇ ಬಿದ್ದುಹೋಗುತ್ತದೆ.

ಲೆಕ್ಕದ ಮನುಷ್ಯ:
ಬೀಳಲೇಬೇಕು. ಲೆಕ್ಕ ಹಾಕಿ ನೋಡಿ. ಎರಡು ಕಂಪನಿ ಸೇರಿದಾಗ ಉಳಿತಾಯ ಎಲ್ಲಿಂದ ಬರುತ್ತದೆ? ದೊಡ್ಡವರಿಗೆ ಒಂದೇ ಪ್ಲಾಟ್‌ಫಾರ್ಮ್ ಮೇಲೆ ಹತ್ತು ಮಾಡೆಲ್, ಒಂದೇ ಪ್ರೆಸ್ಸಿನಲ್ಲಿ ಲಕ್ಷಗಟ್ಟಲೆ ಬಾಗಿಲು. ಸಣ್ಣವರ ಹತ್ತಿರ ಪ್ರೆಸ್ಸೇ ಇಲ್ಲ! ಫೈಬರ್ ಬಾಡಿಯನ್ನು ಅಚ್ಚಿನಲ್ಲಿ ಕೈಯಿಂದ ಹಾಸುತ್ತಾರೆ, ಇಲ್ಲವೇ ಅಲ್ಯೂಮಿನಿಯಂ ತಗಡು ಬಡಿಯುತ್ತಾರೆ. ಮಾಲ್ವರ್ನ್‌ನ ಮಾರ್ಗನ್ ಇವತ್ತಿಗೂ ಬಾಡಿಯ ಒಳಗೆ ಆಶ್ ಮರದ ಚೌಕಟ್ಟು ಹಾಕುತ್ತದೆ. ಬಡಗಿಯನ್ನೂ ಫೈಬರ್ ಕೆಲಸದವನನ್ನೂ ಒಂದೇ ಶೆಡ್ಡಿನಲ್ಲಿ ಕೂರಿಸಿದರೆ ಉಳಿಯೋದು ಬಾಡಿಗೆ ಮಾತ್ರ.

ಸಣ್ಣ ಕಂಪನಿಯ ನಿಜವಾದ ಖರ್ಚು ಮೂರು ಕಡೆ. ಎಂಜಿನ್. ಕ್ರ್ಯಾಶ್ ಮತ್ತು ಹೊಗೆ ಪರೀಕ್ಷೆ. ಮಾರಿದ ಮೇಲಿನ ವಾರಂಟಿ. ಮೊದಲೆರಡರಲ್ಲಿ ಸೇರಿದರೆ ಉಪಯೋಗ ಆಗಬಹುದು, ಆದರೆ ಎರಡೂ ಕಾರು ಒಂದೇ ಎಂಜಿನ್, ಒಂದೇ ಚಾಸಿ ಹಾಕಿಕೊಂಡರೆ ಮಾತ್ರ. ಹಾಗೆ ಮಾಡಿದ ದಿನ ಗಿರಾಕಿ ಓಡಿಹೋಗುತ್ತಾನೆ. ಅವನು ದುಡ್ಡು ಕೊಡೋದೇ ಇದು ಅದರ ಹಾಗಿಲ್ಲ ಅಂತ.

ಕುಡ್ಲ ರೈಡರ್:
ಎಂಜಿನ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ ಮಾರಾಯ್ರೆ. ಟಿವಿಆರ್ ನೋಡಿ. ಬ್ಲ್ಯಾಕ್‌ಪೂಲ್‌ನ ಪೀಟರ್ ವೀಲರ್, ಆ ಸ್ಪೋರ್ಟ್ಸ್ ಕಾರ್ ಕಂಪನಿಯ ಮಾಲೀಕರು, ಹೊರಗಿನವರ ಎಂಜಿನ್ ನಂಬಿಕೊಂಡು ಇರೋದು ಬೇಡ ಅಂತ ತಮ್ಮದೇ ಎಂಜಿನ್ ಮಾಡಿಸಿದರು. ಅಷ್ಟು ಸಣ್ಣ ಕಂಪನಿ ಹಾಗೆ ಮಾಡೋದು ಹುಚ್ಚು ಧೈರ್ಯ. ಆ ಸ್ಪೀಡ್ ಸಿಕ್ಸ್ ಎಂಜಿನ್ನಿನ ಸದ್ದು ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಮೊದಮೊದಲ ಎಂಜಿನ್‌ಗಳು ವಾರಂಟಿಯಲ್ಲಿ ವಾಪಸ್ ಬಂದು ಕಂಪನಿಯನ್ನು ಹಿಂಡಿದವು. 2004ರಲ್ಲಿ ನಿಕೊಲಾಯ್ ಸ್ಮೊಲೆನ್ಸ್ಕಿ ಅನ್ನೋ ರಷ್ಯದ ಯುವಕನಿಗೆ ಮಾರಿದರು, 2006ರಲ್ಲಿ ಬ್ಲ್ಯಾಕ್‌ಪೂಲ್ ಕಾರ್ಖಾನೆ ನಿಂತಿತು. ಆಮೇಲೆ ಹೊಸ ಮಾಲೀಕರು ಬಂದರು. 2017ರಲ್ಲಿ ಗುಡ್‌ವುಡ್‌ನಲ್ಲಿ ಹೊಸ ಗ್ರಿಫಿತ್ ತೋರಿಸಿದರು. ಗಾರ್ಡನ್ ಮರ್‍ರೆಯವರ ಚಾಸಿ ತಂತ್ರ, ಕಾಸ್‌ವರ್ತ್ ಕೈಯಾಡಿಸಿದ ಫೋರ್ಡ್ ವಿ8, ವೇಲ್ಸ್‌ನ ಎಬ್ಬು ವೇಲ್‌ನಲ್ಲಿ ಕಾರ್ಖಾನೆ ಅಂತ ಘೋಷಣೆ. ಅಡ್ವಾನ್ಸ್ ಕೊಟ್ಟವರು ವರ್ಷಗಟ್ಟಲೆ ಕಾದರು, ಆ ಕಾರ್ಖಾನೆಯಿಂದ ಕಾರು ಮಾತ್ರ ಬರಲಿಲ್ಲ.

ಕವೆಂಟ್ರಿ ಕನ್ನಡಿಗ:
ಎಂಜಿನ್ ಕೊಡುವವರು ನಿಲ್ಲಿಸಿದರೂ ಕಷ್ಟ. ಲೋಟಸ್ ಎಲೀಸ್‌ಗೆ ಮೊದಲು ರೋವರ್‌ನ ಕೆ-ಸೀರೀಸ್ ಇತ್ತು, 2004ರಿಂದ ಟೊಯೋಟಾ ಎಂಜಿನ್ ಶುರು ಮಾಡಿದರು. ಸಮಯಕ್ಕೆ ಸರಿಯಾಗಿ ಮಾಡಿದರು, ಮರುವರ್ಷವೇ ರೋವರ್ ಮುಳುಗಿತು. ಬೇರೆ ಎಂಜಿನ್ ಅಂದರೆ ಬರೀ ನಾಲ್ಕು ಬೋಲ್ಟ್ ಬಿಚ್ಚಿ ಹಾಕೋದಲ್ಲ. ಗೇರ್‌ಬಾಕ್ಸ್, ವೈರಿಂಗ್, ಸೈಲೆನ್ಸರ್, ಹೊಗೆ ಸರ್ಟಿಫಿಕೇಟ್ ಎಲ್ಲ ಹೊಸದು. ಇಬ್ಬರು ಸೇರಿ ಒಬ್ಬ ಸಪ್ಲೈಯರ್ ಹತ್ತಿರ ಹೋದರೆ ಸ್ವಲ್ಪ ಮರ್ಯಾದೆ ಸಿಗಬಹುದು ನಿಜ. ಆದರೆ 500 ಎಂಜಿನ್ ಕೇಳುವವನೂ 1,000 ಕೇಳುವವನೂ ದೊಡ್ಡ ಕಂಪನಿಗೆ ಒಂದೇ. ಇಬ್ಬರೂ ಫೋನ್ ಎತ್ತದೆ ಬಿಟ್ಟರೂ ನಷ್ಟವಿಲ್ಲದ ಗಿರಾಕಿಗಳು.

ಹಳೇ ಫಿಯೆಟ್:
ಕಷ್ಟದಲ್ಲಿ ಸೇರಿದವರ ಪೂರ್ತಿ ಕಥೆ ಬೇಕಾದರೆ ಜೆನ್ಸನ್-ಹೀಲಿ ನೋಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೆಸ್ಟ್ ಬ್ರಾಮಿಚ್‌ನ ಜೆನ್ಸನ್ ತನ್ನ ದುಬಾರಿ ಇಂಟರ್‌ಸೆಪ್ಟರ್ ಮಾಡುತ್ತಿತ್ತು. ಆದರೆ ಹೊಟ್ಟೆ ತುಂಬುತ್ತಿದ್ದದ್ದು ಬೇರೆಯವರ ಕೆಲಸದಿಂದ. ಆಸ್ಟಿನ್-ಹೀಲಿಯ ಬಾಡಿ ಕಟ್ಟುತ್ತಿದ್ದರು, ಸನ್‌ಬೀಮ್ ಟೈಗರ್ ಜೋಡಿಸುತ್ತಿದ್ದರು. ಅರುವತ್ತರ ದಶಕದ ಕೊನೆಗೆ ಎರಡೂ ಕೈಬಿಟ್ಟವು. ಅತ್ತ ಆಸ್ಟಿನ್-ಹೀಲಿಯ ರೂವಾರಿ ಡೊನಾಲ್ಡ್ ಹೀಲಿಗೆ ಆಸ್ಟಿನ್ ಹೆಸರಿನ ಜೊತೆಗಿನ ನಂಟು ಮುಗಿಯುತ್ತಾ ಬಂದಿತ್ತು. ಇಬ್ಬರಿಗೂ ಕೆಲಸ ಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಿಟಿಷ್ ಕಾರು ಮಾರಿ ದೊಡ್ಡವರಾದ ಶೆಲ್ ಕ್ವಾಲಿ ಅವರಿಗೆ ಮಾರಲು ಹೊಸ ಹೀಲಿ ಬೇಕು. 1970ರಲ್ಲಿ ಕ್ವಾಲಿ ಜೆನ್ಸನ್ನಿನ ಹೆಚ್ಚಿನ ಪಾಲು ಕೊಂಡು ಹೀಲಿಯನ್ನೇ ಅಧ್ಯಕ್ಷ ಮಾಡಿದರು.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕೂಟ ಉಂಟಾ? ಕಾರ್ಖಾನೆ ಇದೆ, ಹೆಸರು ಇದೆ, ಮಾರುವವರು ಇದ್ದಾರೆ. ಇಲ್ಲದ್ದು ಎಂಜಿನ್ ಒಂದೇ. ವಾಕ್ಸ್‌ಹಾಲ್ ಎಂಜಿನ್ ಅಮೆರಿಕದ ಹೊಗೆ ನಿಯಮ ದಾಟಿದರೆ ಶಕ್ತಿ ಉಳಿಯುತ್ತಿರಲಿಲ್ಲ. ಕೊನೆಗೆ ಲೋಟಸ್ ಆಗಷ್ಟೇ ಮಾಡಿದ್ದ 907 ಹಾಕಿದರು. ಎರಡು ಲೀಟರ್, ಹದಿನಾರು ವಾಲ್ವ್. ಅದಕ್ಕೆ ಮುಂಚೆ ಆ ಎಂಜಿನ್ ಯಾವ ಕಾರಿನಲ್ಲೂ ಮಾರಾಟಕ್ಕೆ ಬಂದಿರಲಿಲ್ಲ. ಅಂದರೆ ಅದರ ತೊಂದರೆಗಳನ್ನೆಲ್ಲ ಕಂಡುಹಿಡಿದವರು ಜೆನ್ಸನ್ ಗಿರಾಕಿಗಳು. 1972ರಲ್ಲಿ ಕಾರು ಬಂತು, ಆಯಿಲ್ ಸೋರಿತು. ಗಿರಾಕಿ ಜೆನ್ಸನ್ನನ್ನು ಬೈದನೇ ಹೊರತು ಲೋಟಸ್ಸನ್ನಲ್ಲ. ಸುಧಾರಿಸುವ ಹೊತ್ತಿಗೆ 1973ರ ತೈಲ ಬಿಕ್ಕಟ್ಟು ಬಂದು ದೊಡ್ಡ ಇಂಟರ್‌ಸೆಪ್ಟರ್‌ಗೆ ಕೊಳ್ಳುವವರಿಲ್ಲ ಆಯಿತು. 1976ರಲ್ಲಿ ಎಲ್ಲ ಮುಗಿಯಿತು. ಮಾಡಿದ್ದು ಹತ್ತು ಸಾವಿರದ ಮೇಲೆ ಸ್ವಲ್ಪ. ಅಷ್ಟು ಸಣ್ಣ ಕಂಪನಿಗೆ ಅದು ದೊಡ್ಡ ಸಂಖ್ಯೆಯೇ, ಅಲ್ವಾ? ಮಾರಾಟ ಆಗದೆ ಸತ್ತದ್ದಲ್ಲ.

ಬೋಲ್ಟ್‌ನಟ್ ಹುಬ್ಬಳ್ಳಿ:
ಇದಕ್ಕೇ ನಾನು ಹೇಳೋದು, ಮಾರ್ಗನ್ ಅಜ್ಜನ ತಲೆ ದೊಡ್ಡದು. 1950ರಲ್ಲಿ ಸ್ಟ್ಯಾಂಡರ್ಡ್ ಕಂಪನಿಯ ಸರ್ ಜಾನ್ ಬ್ಲ್ಯಾಕ್ ಮಾರ್ಗನ್ನನ್ನು ಕೊಳ್ಳಲು ಕೇಳಿದರು. ಮಾರ್ಗನ್ ಆಗ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್‌ನ ಎಂಜಿನ್ನನ್ನೇ ಹಾಕುತ್ತಿತ್ತು. ಎಂಜಿನ್ ಕೊಡುವ ಧಣಿಗೆ ಇಲ್ಲ ಅನ್ನೋಕೆ ಎದೆ ಬೇಕ್ರಿ! ಮಾರ್ಗನ್ ಬೋರ್ಡು ಬೇಡ ಅಂತು. ಬ್ಲ್ಯಾಕ್ ಸುಮ್ಮನಿರಲಿಲ್ಲ, ತಮ್ಮ ಕೈಯಲ್ಲಿದ್ದ ಟ್ರಯಂಫ್ ಹೆಸರಿನಲ್ಲಿ 1953ರಲ್ಲಿ ಟಿಆರ್2 ತಂದರು. ಆಮೇಲೆ ಅದೇ ಟಿಆರ್ ಎಂಜಿನ್ ಮಾರ್ಗನ್ನಿಗೂ ಕೊಟ್ಟರು. ವ್ಯಾಪಾರ ಅಂದರೆ ಇದು. ಇವತ್ತು ಟ್ರಯಂಫ್ ಕಾರು ಇಲ್ಲ, ಸ್ಟ್ಯಾಂಡರ್ಡ್ ಇಲ್ಲ. ಮಾರ್ಗನ್ ಇದೆ.

ಲೆಕ್ಕದ ಮನುಷ್ಯ:
ಇದೆ, ಆದರೆ ಅಜ್ಜನ ಕೈಯಲ್ಲಿ ಇಲ್ಲ. 2019ರಲ್ಲಿ ಇಟಲಿಯ ಇನ್ವೆಸ್ಟ್‌ಇಂಡಸ್ಟ್ರಿಯಲ್ ಹೆಚ್ಚಿನ ಪಾಲು ಕೊಂಡಿತು. ಕುಟುಂಬಕ್ಕೆ ಸಣ್ಣ ಪಾಲು ಉಳಿಯಿತು. ಲೋಟಸ್ ಲೆಕ್ಕ ನೋಡಿ: 1986ರಲ್ಲಿ ಜನರಲ್ ಮೋಟರ್ಸ್, 1993ರಲ್ಲಿ ಬುಗಾಟಿಯ ರೊಮಾನೊ ಆರ್ಟಿಯೋಲಿ, 1996ರಲ್ಲಿ ಮಲೇಷ್ಯಾದ ಪ್ರೋಟಾನ್, 2017ರಲ್ಲಿ ಚೀನಾದ ಗೀಲಿ. ಕೇಟರ್‌ಹ್ಯಾಮ್ 2011ರಲ್ಲಿ ಟೋನಿ ಫರ್ನಾಂಡಿಸ್ ಕೈಗೆ, 2021ರಲ್ಲಿ ಜಪಾನಿನ ವಿಟಿ ಹೋಲ್ಡಿಂಗ್ಸ್ ಕೈಗೆ. ಬೈಕಿನಲ್ಲೂ ಇದೇ. ನಾರ್ಟನ್ ದಿವಾಳಿಯಾದಾಗ 2020ರಲ್ಲಿ 1.6 ಕೋಟಿ ಪೌಂಡ್ ಕೊಟ್ಟು ಎತ್ತಿಕೊಂಡದ್ದು ನಮ್ಮ ಮೈಸೂರಿನಲ್ಲೂ ಕಾರ್ಖಾನೆ ಇರುವ ಟಿವಿಎಸ್. ಪಕ್ಕದ ಸಣ್ಣ ಕಂಪನಿ ಬಂದು ಕಾಪಾಡಿದ್ದು ಅಪರೂಪ. ಸಮುದ್ರದ ಆಚೆಯಿಂದ ಬಂದವರೇ ಜಾಸ್ತಿ.

ಕುಡ್ಲ ರೈಡರ್:
ಸಣ್ಣವರು ಸಣ್ಣವರನ್ನು ಕೊಂಡದ್ದು ಇಲ್ಲವೇ ಇಲ್ಲ ಅನ್ನಬೇಡಿ. 2010ರಲ್ಲಿ ಲೀಡ್ಸ್ ಕಡೆಯ ಜಿನೆಟಾ, ಬಾತ್ ಊರಿನ ಫಾರ್ಬಿಯೊ ಕಂಪನಿಯನ್ನು ಕೊಂಡಿತು. ಫಾರ್ಬಿಯೊ ಹತ್ತಿರ ಕಾರ್ಬನ್ ಬಾಡಿಯ, ಎಂಜಿನ್ ಮಧ್ಯದಲ್ಲಿರುವ ರಸ್ತೆ ಕಾರು ಇತ್ತು. ಜಿನೆಟಾ ಹತ್ತಿರ ರೇಸ್ ಕಾರುಗಳ ವ್ಯಾಪಾರ ಇತ್ತು. ಅದೇ ಕಾರನ್ನು ತಿದ್ದಿ ಮರುವರ್ಷ ಜಿ60 ಅಂತ ತಂದರು. ಕೊಂಡವರು ಬೆರಳೆಣಿಕೆ. ಜಿನೆಟಾ ರೇಸ್ ಕಡೆಗೇ ವಾಪಸ್ ಹೋಯಿತು, ಇವತ್ತಿಗೂ ಅದರಲ್ಲೇ ಗಟ್ಟಿ.

ನನ್ನ ವಾದ ಏನಂದರೆ, ಮದುವೆ ಯಾಕೆ ಬೇಕು? ಜೊತೆಗೆ ಕೆಲಸ ಮಾಡಿದರೆ ಸಾಕು. ಲೋಟಸ್ ಹೆಥೆಲ್‌ನಲ್ಲಿ ವಾಕ್ಸ್‌ಹಾಲ್ ವಿಎಕ್ಸ್220 ಕಟ್ಟಿತು, ಎಲೀಸ್‌ನ ಚಾಸಿ ತಂತ್ರವನ್ನೇ ಬಳಸಿ. ಆಮೇಲೆ ಟೆಸ್ಲಾದ ಮೊದಲ ರೋಡ್‌ಸ್ಟರ್‌ಗೆ ಎಂಜಿನ್ ಇಲ್ಲದ ಕಾರು ಮಾಡಿ ಕಳಿಸಿತು. ಅಂಟು ಹಾಕಿ ಜೋಡಿಸುವ ಅಲ್ಯೂಮಿನಿಯಂ ಚಾಸಿ ಗೊತ್ತಿದ್ದಕ್ಕೆ ಬಂದ ದುಡ್ಡು ಅದು. ಅದಕ್ಕಾಗಿ ವಾಕ್ಸ್‌ಹಾಲ್ ಜೊತೆಗೋ ಟೆಸ್ಲಾ ಜೊತೆಗೋ ಒಂದೇ ಕಂಪನಿ ಆಗಬೇಕಾಗಲಿಲ್ಲ.

ಕವೆಂಟ್ರಿ ಕನ್ನಡಿಗ:
ಜೊತೆಗೆ ಕೆಲಸವೂ ಸುಲಭ ಅಲ್ಲ ಅಣ್ಣ. 2012ರ ನವೆಂಬರಿನಲ್ಲಿ ರೆನೋ ಮತ್ತು ಕೇಟರ್‌ಹ್ಯಾಮ್ ಅರ್ಧ ಅರ್ಧ ಪಾಲಿನಲ್ಲಿ ಕಂಪನಿ ಮಾಡಿದವು. ಫ್ರಾನ್ಸಿನ ದಿಯೆಪ್ ಕಾರ್ಖಾನೆಯಲ್ಲಿ ಒಂದೇ ಚಾಸಿಯ ಮೇಲೆ ಒಂದು ಆಲ್ಪೈನ್ (ರೆನೋದ ಸ್ಪೋರ್ಟ್ಸ್ ಕಾರಿನ ಹೆಸರು), ಒಂದು ಕೇಟರ್‌ಹ್ಯಾಮ್ ಬರಬೇಕಿತ್ತು. 2014ರಲ್ಲಿ ರೆನೋ ಕೇಟರ್‌ಹ್ಯಾಮ್‌ನ ಪಾಲನ್ನೂ ಕೊಂಡಿತು. 2017ರಲ್ಲಿ ಆಲ್ಪೈನ್ ಎ110 ಬಂತು, ಎಲ್ಲರೂ ಹೊಗಳಿದರು. ಕೇಟರ್‌ಹ್ಯಾಮ್‌ನ ಜೋಡಿ ಕಾರು ಬರಲೇ ಇಲ್ಲ. ಹೊಸ ಚಾಸಿಗೆ ಅರ್ಧ ಖರ್ಚು ಹಾಕೋದು ಸೆವೆನ್ ಅನ್ನೋ ಒಂದೇ ಪುಟ್ಟ ಕಾರು ಮಾರಿ ಬದುಕುವ ಕಂಪನಿಗೆ ಎಲ್ಲಿ ಸಾಧ್ಯ?

ಅದೇ ಕೇಟರ್‌ಹ್ಯಾಮ್ ತನ್ನ ಅಳತೆಗೆ ತಕ್ಕ ಕೆಲಸ ಮಾಡಿದಾಗ ಗೆದ್ದಿದೆ. ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್ ತಂದು, ಸುಜುಕಿಯದೇ ಹಿಂದಿನ ಆಕ್ಸಲ್ ಹಾಕಿ 160 ಅನ್ನೋ ಸೆವೆನ್ ಮಾಡಿತು. ತೂಕ 500 ಕೆಜಿಗಿಂತ ಕಡಿಮೆ. ಜಪಾನಿನ ಪುಟ್ಟ ಕಾರುಗಳ ತೆರಿಗೆ ವರ್ಗಕ್ಕೆ ಹೊಂದುವಷ್ಟು ಸಣ್ಣದು. ಯಾರ ಜೊತೆಯೂ ಸೇರದೆ ಅಂಗಡಿಯಿಂದ ಸಾಮಾನು ತಂದ ಹಾಗೆ ಮಾಡಿದ್ದು.

ಗೇರ್‌ಪ್ರಿಯ:
ಈಗಿನ ನಿಯಮಗಳು ಸಣ್ಣವರನ್ನು ಸೇರುವ ಹಾಗೆ ತಳ್ಳುತ್ತವಾ? 2030, ಎಲೆಕ್ಟ್ರಿಕ್ ಅಂತೆಲ್ಲ?

ಲೆಕ್ಕದ ಮನುಷ್ಯ:
ಸದ್ಯಕ್ಕೆ ಉಲ್ಟಾ. ಮಾರುವ ಕಾರಿನಲ್ಲಿ ಇಷ್ಟು ಪಾಲು ಎಲೆಕ್ಟ್ರಿಕ್ ಇರಲೇಬೇಕು ಅನ್ನೋ ಬ್ರಿಟನ್ನಿನ ನಿಯಮದಲ್ಲಿ ವರ್ಷಕ್ಕೆ 2,500ಕ್ಕಿಂತ ಕಡಿಮೆ ಕಾರು ನೋಂದಾಯಿಸುವವರಿಗೆ ರಿಯಾಯಿತಿ ಇದೆ. 2030ಕ್ಕೆ ಹೊಸ ಪೆಟ್ರೋಲ್ ಕಾರು ಮಾರೋದು ನಿಲ್ಲಬೇಕು ಅನ್ನೋ ಗಡುವಿನಿಂದಲೂ ಸಣ್ಣವರನ್ನು ಬಿಡುವುದಾಗಿ 2025ರ ಏಪ್ರಿಲ್‌ನಲ್ಲಿ ಸರ್ಕಾರ ಹೇಳಿತು. ಸಣ್ಣವರಾಗಿ ಉಳಿಯೋದರಲ್ಲೇ ಲಾಭ. ಪುಟ್ಟವರಿಬ್ಬರು ಸೇರಿದರೂ ಮಿತಿ ದಾಟಲ್ಲ ಅನ್ನಿ, ಆದರೆ ಸೇರಿದ್ದರಿಂದ ಹೊಸದಾಗಿ ಸಿಗುವ ರಿಯಾಯಿತಿಯೂ ಇಲ್ಲ.

ಹಾಗಂತ ಸರ್ಕಾರದ ರಿಯಾಯಿತಿ ಮೇಲೇ ಕಂಪನಿ ಕಟ್ಟಬಾರದು. ಹಿಂದೆ ಕಿಟ್ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇರಲಿಲ್ಲ. ಬಿಡಿಭಾಗದ ಡಬ್ಬ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಅಗ್ಗ. 1973ರಲ್ಲಿ ವ್ಯಾಟ್ ಬಂದು ಆ ಅನುಕೂಲ ಹೋಯಿತು. ಲೋಟಸ್‌ನ ಕಾಲಿನ್ ಚಾಪ್‌ಮನ್ ಅದೇ ವರ್ಷ ಸೆವೆನ್ ಹಕ್ಕನ್ನು ಕೇಟರ್‌ಹ್ಯಾಮ್‌ಗೆ ಬಿಟ್ಟುಕೊಟ್ಟರು. ಲೋಟಸ್‌ಗೆ ಬೇಡವಾದ ಆ ಕಾರು ಇವತ್ತಿಗೂ ಒಂದು ಕಂಪನಿಯನ್ನು ಸಾಕುತ್ತಿದೆ.

ಬೋಲ್ಟ್‌ನಟ್ ಹುಬ್ಬಳ್ಳಿ:
ಹಂಗಾರ ಈ ಗಾಳಿಸುದ್ದಿ ಸುಳ್ಳು ಅಂತ ಬರೆದುಬಿಡ್ರಿ.

ಹಳೇ ಫಿಯೆಟ್:
ಸುಳ್ಳು ಅನ್ನೋಕೂ ಆಧಾರ ಬೇಕಲ್ಲ. ನಾನು ಕೇಳೋ ಪ್ರಶ್ನೆ ಒಂದೇ: ಆ ಇಬ್ಬರಲ್ಲಿ ಯಾರ ಹತ್ತಿರ ಏನಿದೆ, ಇನ್ನೊಬ್ಬರಿಗೆ ಅದಿಲ್ಲದೆ ಆಗಲ್ಲವೇ? 1947ರಲ್ಲಿ ಅದಕ್ಕೆ ಉತ್ತರ ಇತ್ತು. ಈಗ ಹೇಳುತ್ತಿರುವ ಜೋಡಿಗಳಲ್ಲಿ ಇಬ್ಬರೂ ಹೊರಗಿನಿಂದ ಎಂಜಿನ್ ಕೊಳ್ಳುವವರು, ಇಬ್ಬರಿಗೂ ಹೊಸ ಮಾಡೆಲ್‌ಗೆ ದುಡ್ಡು ಬೇಕು. ಒಂದೇ ಕೊರತೆ ಇರುವ ಇಬ್ಬರು ಸೇರಿದರೆ ನನಗಂತೂ ನಂಬಿಕೆ ಇಲ್ಲ.

ಕವೆಂಟ್ರಿ ಕನ್ನಡಿಗ:
ಆಧಾರ ಬೇಕಾದವರು ಬ್ರಿಟನ್ನಿನ ಕಂಪನೀಸ್ ಹೌಸ್, ಅಂದರೆ ಕಂಪನಿಗಳ ನೋಂದಣಿ ಕಚೇರಿಯ ದಾಖಲೆ ನೋಡಿ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹೊಸ ಡೈರೆಕ್ಟರ್ ಬಂದರೆ, 25 ಪರ್ಸೆಂಟ್‌ಗಿಂತ ಜಾಸ್ತಿ ಪಾಲಿನವರು ಬದಲಾದರೆ, ಆಸ್ತಿ ಅಡ ಇಟ್ಟರೆ, ಎಲ್ಲ ಅಲ್ಲಿಗೆ ಹೋಗಬೇಕು. ಎರಡೂ ಕಂಪನಿಯಲ್ಲಿ ಒಂದೇ ಡೈರೆಕ್ಟರ್ ಹೆಸರು ಕಂಡರೆ ಆಗ ಕಿವಿ ನಿಮಿರಿಸಿ. ಬರೀ ಲೆಕ್ಕಪತ್ರ ತಡವಾಗಿದೆ ಅಂತ ಕಥೆ ಕಟ್ಟಬೇಡಿ, ಸಣ್ಣ ಕಂಪನಿಗಳಲ್ಲಿ ಅದು ಇದ್ದದ್ದೇ.

ಕುಡ್ಲ ರೈಡರ್:
ನಡುವೆ ಒಂದು ಮಾತು. ನಮ್ಮ ಬೆಂಗಳೂರಿನ ಸ್ಯಾನ್ ಸ್ಟಾರ್ಮ್ ನೆನಪಿದೆಯಾ ಯಾರಿಗಾದರೂ? ಎರಡು ಸೀಟು, ಫೈಬರ್ ಬಾಡಿ, ರೆನೋ 1.2 ಎಂಜಿನ್. ಅದೂ ಇದೇ ಜಾತಿ ಅಲ್ವಾ?

ನಿರ್ವಾಹಕ:
ಸ್ಯಾನ್ ಸ್ಟಾರ್ಮ್‌ಗೆ ಬೇರೆ ಚರ್ಚೆ ತೆರೆಯಿರಿ, ಓಡಿಸಿದವರು ಬಂದು ಬರೆಯಲಿ. ಇಲ್ಲಿ ಕಂಪನಿಗಳ ಹೆಸರು ಹಾಕಿ ಊಹೆ ಬರೆದ ಎರಡು ಪೋಸ್ಟ್ ತೆಗೆದಿದ್ದೇನೆ. ಕಂಪನೀಸ್ ಹೌಸ್ ದಾಖಲೆಯ ಜೊತೆ ಬಂದರೆ ಹೆಸರು ಹಾಕಬಹುದು.